ಲಕ್ಷ್ಮಣಪ್ಪ ಮಾಸ್ತರರ ಹೊಲದ ಏಳು ಗಿಡ

ಮೊರಬದ ಲಕ್ಷ್ಮಣಪ್ಪ ಮಾಸ್ತರರು ಗಾಂಜಾದ ವಿರುದ್ಧ ಆರು ವರ್ಷ ಯುದ್ಧ ಮಾಡಿದರು. ಈ ಆರು ವರ್ಷಗಳಲ್ಲಿ ಶತ್ರುವನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಅದರಿಂದ ಯುದ್ಧದ ಕಾವೇನೂ ಇಳಿಯಲಿಲ್ಲ. ಶತ್ರು ಎದುರಿಗೆ ಇಲ್ಲದಿದ್ದಾಗ ಗೆಲ್ಲುವುದು ಎಷ್ಟು ಸಲೀಸು ಎಂಬುದನ್ನು ಭಾಷಣ ಮಾಡುವವರೆಲ್ಲ ಬಲ್ಲರು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಮರುವಾರವೇ ಅವರು ‘ದುಶ್ಚಟ ವಿರೋಧಿ ವೇದಿಕೆ’ ಕಟ್ಟಿದರು. ಅದರ ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ. ಭಿನ್ನಾಭಿಪ್ರಾಯ ಬಂದರೆ ಇಬ್ಬರೂ ಕೂಡಿ ಬಗೆಹರಿಸಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ನೇತುಹಾಕುವ ಮೈಕು, ಗಾಂಜಾ ಎಲೆಯ ಚಿತ್ರದ ಮೇಲೆ ಕೆಂಪು ಕಾಟು ಹೊಡೆದ ಒಂದು ಬ್ಯಾನರು, ಇವು ಅವರ ಆಯುಧಗಳು. ಇಷ್ಟನ್ನೂ ಬಸ್ಸಿಗೆ ಹೇರಿಕೊಂಡು ಸಂಶಿ, ಅಣ್ಣಿಗೇರಿ, ಕುಂದಗೋಳ ಎಂದು ದಿಗ್ವಿಜಯಕ್ಕೆ ಹೊರಡುತ್ತಿದ್ದರು. ಸಂಶಿಯ ಒಂದು ಶಾಲೆಯಲ್ಲಿ ಅವರ ಭಾಷಣ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಅನ್ನ ಆರಿ ಕಲ್ಲಾಗಿತ್ತು. ಆ ಮಕ್ಕಳು ಜೀವಮಾನದಲ್ಲಿ ಗಾಂಜಾದ ಹೆಸರೆತ್ತಲಾರರು. ಎತ್ತಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಈ ಯುದ್ಧದ ಶಿಖರವೆಂದರೆ ಹೋದ ದೀಪಾವಳಿಯ ಮುಂದೆ ತಾಲೂಕಿನ ಪೊಲೀಸ್ ಸಾಹೇಬರಿಗೆ ಕೊಟ್ಟ ಮನವಿಪತ್ರ. ಮುನ್ನೂರ ಹನ್ನೆರಡು ಸಹಿಗಳಿದ್ದ ಆ ಮನವಿಯ ಮೂರನೆಯ ಬೇಡಿಕೆಯನ್ನು ಮಾಸ್ತರರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಯಾರ ಹೊಲದಲ್ಲಿ ಗಿಡ ಸಿಗುತ್ತದೋ ಆ ಹೊಲದ ಮಾಲೀಕನನ್ನೇ ಹಿಡಿಯಬೇಕು. ‘ನನಗೆ ಗೊತ್ತಿರಲಿಲ್ಲ’ ಎಂಬ ನೆಪವನ್ನು ಯಾವ ಕಾರಣಕ್ಕೂ ಕೇಳಬಾರದು.

ಹೊರಗೆ ಎಲ್ಲೂ ಸೋಲದ ಈ ವೀರರು ಸೋಲುತ್ತಿದ್ದದ್ದು ತಮ್ಮ ಮನೆಯ ಊಟದ ತಾಟಿನ ಮುಂದೆ. ಮಗಳು ಶಿವಗಂಗಾ ನವಲಗುಂದದಲ್ಲಿ ವಕೀಲೆ. ರವಿವಾರ ಊರಿಗೆ ಬಂದರೆ ರೊಟ್ಟಿಯ ಮೊದಲ ತುತ್ತಿಗೇ ವಾದ ಶುರುವಾಗುತ್ತಿತ್ತು.

“ಕಾನೂನಬದ್ಧ ಮಾಡಿದ್ರ ಕಿರಾಣಿ ಅಂಗಡ್ಯಾಗ ಹಾಲಿನ ಪಾಕೀಟ ಬಾಜು ಇಡ್ತಾರ. ಹತ್ತನೇ ಕ್ಲಾಸಿನ ಹುಡುಗೂರು ಹಾಲು ಬಿಟ್ಟು ಅದನ್ನ ಒಯ್ತಾವ,” ಎನ್ನುತ್ತಿದ್ದರು ಮಾಸ್ತರರು.

“ಈಗೇನ ಒಯ್ಯಂಗಿಲ್ಲನಪ್ಪಾ? ಕಾನೂನ ಬಿಗಿ ಐತಿ, ಆದ್ರೂ ಕಾಲೇಜ ಗೇಟಿನ ಮುಂದ ಸಿಗತೈತಿ. ಮಾರಾವ್ರು ಕಾರಿನ್ಯಾಗ ಅಡ್ಡಾಡ್ತಾರ. ಕೋರ್ಟಿನ್ಯಾಗ ಕಟಕಟಿ ಹಿಡಕೊಂಡು ನಿಂತಾವ್ರನ್ನ ಬಂದು ನೋಡು. ಒಬ್ಬರ ಕಾಲಾಗೂ ಚೊಲೊ ಚಪ್ಪಲಿ ಇರಂಗಿಲ್ಲ.”

“ಚಪ್ಪಲಿ ನೋಡಿ ಕಾನೂನ ಮಾಡಾಕ ಬರತೈತೇನು? ತಪ್ಪಂದ್ರ ತಪ್ಪು.”

ಮಾಸ್ತರರ ಹೆಂಡತಿ ಹನಮವ್ವ ಇಬ್ಬರ ಪಕ್ಷವನ್ನೂ ಸೇರಿದವರಲ್ಲ. “ಶೆರೆ ಕುಡಿಯೂದು ಕಾನೂನಬದ್ಧ ಐತಿ. ನಮ್ಮ ಓಣ್ಯಾಗ ಅದು ಏನ ಮಾಡೈತಿ ಅನ್ನೂದು ಕಾಣಾಕತ್ತೈತಿ, ಹೊಸಾದೊಂದ ಯಾಕ ಬೇಕು,” ಎಂದು ಮಗಳಿಗೆ ಹೇಳುತ್ತಿದ್ದರು. ಆಮೇಲೆ ಗಂಡನ ಕಡೆ ತಿರುಗಿ, “ಕುಡಕನ್ನ ಹತ್ತ ವರ್ಷ ಒಳಗ ಹಾಕಿದ್ರ ಅವನ ಹೇಂತಿ ಮಕ್ಕಳಿಗೆ ನೀವು ರೊಟ್ಟಿ ಬಡೀತೀರೇನು? ಇದಕ್ಕೂ ಹಂಗ,” ಎನ್ನುತ್ತಿದ್ದರು. ಇಬ್ಬರೂ ಚಟ್ನಿ ಕೇಳುತ್ತಿದ್ದರು.

ಈ ಜಗಳದ ಸುದ್ದಿ ಹಬ್ಬಿ ತಾಲೂಕಿನ ಒಂದು ಕಾಲೇಜಿನವರು ಭಾದ್ರಪದದ ಒಂದು ಶನಿವಾರ ಚರ್ಚಾಕೂಟವನ್ನೇ ಇಟ್ಟರು. ವಿಷಯ: ಗಾಂಜಾ ಕಾನೂನುಬದ್ಧವಾದರೆ ಸಮಾಜಕ್ಕೆ ಒಳಿತೋ ಕೆಡುಕೋ. ವಿರುದ್ಧವಾಗಿ ತಂದೆ, ಪರವಾಗಿ ಮಗಳು, ಮುಖ್ಯ ಅತಿಥಿ ಅದೇ ಪೊಲೀಸ್ ಸಾಹೇಬರು. ಮಾಸ್ತರರು ಹದಿನೈದು ದಿನ ಮುಂಚೆಯೇ ಅಂಗಿಗೆ ಇಸ್ತ್ರಿ ಮಾಡಿಸಿಟ್ಟರು.

ಚರ್ಚೆಯ ವಾರದ ಸೋಮವಾರ ಶೈಲಶ್ರೀ ಹೊಲಕ್ಕೆ ಬಂದಳು. ಊರಿನ ಬೆಳೆ ಸಮೀಕ್ಷೆ ಅವಳ ಕೆಲಸ. ಪ್ರತಿ ಹೊಲಕ್ಕೂ ಹೋಗಿ, ಬೆಳೆಯ ಫೋಟೋ ಹೊಡೆದು, ಮೊಬೈಲಿನಿಂದಲೇ ಸರ್ಕಾರಕ್ಕೆ ಕಳಿಸಬೇಕು. ಅವಳು ಮಾಸ್ತರರ ಹಳೆಯ ವಿದ್ಯಾರ್ಥಿನಿ. ಹತ್ತಿಯ ಫೋಟೋ ಹೊಡೆದು ಹೊರಟವಳನ್ನು ಮಾಸ್ತರರೇ ನಿಲ್ಲಿಸಿದರು.

“ಅಷ್ಟ ಹೊಡದ್ರ ಹೆಂಗವಾ? ಬದುವಿನ ಬಾಜು ಪುಂಡಿ ಎಷ್ಟ ಚೊಲೊ ಬಂದೈತಿ ನೋಡು. ಅದೂ ದಾಖಲ ಆಗಲಿ.”

ಪಲ್ಯಕ್ಕೆಂದು ಹತ್ತಿಯ ಅಂಚಿಗೆ ಅಂಗೈಯಂತೆ ಬೆರಳು ಬಿಟ್ಟ ಎಲೆಯ ಪುಂಡಿ ಸೊಪ್ಪನ್ನು ಒಂದು ಸಾಲು ಹಾಕುವುದು ಆ ಕಡೆಯ ರೂಢಿ. ಈ ವರ್ಷ ಆ ಸಾಲಿನ ತುದಿಯಲ್ಲಿ ಏಳು ಗಿಡಗಳು ಮಾತ್ರ ಮಿಕ್ಕವನ್ನು ಮೀರಿ ಎದೆಯೆತ್ತರ ಬೆಳೆದಿದ್ದವು. ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಮಾಸ್ತರರು ಮಳೆಗಾಲದ ಮೊದಲಲ್ಲೇ, “ಆ ಸಾಲಿಗೆ ಕೈ ಹಚ್ಚಬ್ಯಾಡ್ರಿ, ಪುಂಡಿ ಅದು,” ಎಂದು ಆಜ್ಞೆ ಮಾಡಿದ್ದರು. ಈಗ ಆ ಗಿಡಗಳ ನಡುವೆ ನಿಂತು, ಎಲ್ಲಕ್ಕಿಂತ ಎತ್ತರದ್ದನ್ನು ಹೆಗಲಿಗೆ ಒರಗಿಸಿಕೊಂಡು, ಮಗನ ಮದುವೆಯಲ್ಲಿ ನಿಂತವರಂತೆ ನಕ್ಕರು. ಶೈಲಶ್ರೀಗೆ ಎಲೆ ನೋಡಿ ಅರೆಗಳಿಗೆ ಅನುಮಾನವಾಯಿತು. ಆದರೆ ಮೂರು ವರ್ಷ ಯಾರ ಪಾಠಕ್ಕೆ ‘ಹೌದ್ರಿ ಸರ’ ಅಂದಿದ್ದಳೋ ಅವರಿಗೆ ‘ಅಲ್ರಿ ಸರ’ ಅನ್ನುವುದು ಬಾಯಿಗೆ ಬರಲಿಲ್ಲ. ಫೋಟೋ ಹೊಡೆದು ಕಳಿಸಿಬಿಟ್ಟಳು.

ಮಾಸ್ತರರು ಪಂಜೆಯ ಮಡಿಲ ತುಂಬ ಎಳೆಯ ಎಲೆ ಕಿತ್ತು ಮನೆಗೆ ತಂದರು. ಹನಮವ್ವ ಒಂದು ಎಲೆ ಬಾಯಿಗೆ ಹಾಕಿಕೊಂಡು ಜಗಿದರು. ಪುಂಡಿಯ ಹುಳಿ ನಾಲಿಗೆಗೆ ತಾಗಲಿಲ್ಲ. ಹಿತ್ತಲಿಗೆ ಹೋಗಿ ಉಗುಳಿ ಬಂದರು.

“ಇದು ಪುಂಡಿ ಅಲ್ರಿ. ನಮ್ಮ ಸ್ವಾದರಮಾವ ಚಿಲಮಿ ಸೇದತಿದ್ನಲ್ಲ, ಅವನ ಧೋತರದ ವಾಸನಿ ಐತಿ ಇದಕ್ಕ.”

“ಏನರೆ ಮಾತಾಡಬ್ಯಾಡ. ನಾ ಆರು ವರ್ಷ ಅದರ ಮ್ಯಾಲ ಭಾಷಣ ಮಾಡೀನಿ.”

“ನೀವು ಭಾಷಣ ಮಾಡೀರಿ. ನಾ ಅವನ ಧೋತರ ಒಗದೀನಿ.”

ಪಡಸಾಲೆಯಲ್ಲಿ ಬ್ಯಾನರು ತೂಗುತ್ತಿತ್ತು. ಮಾಸ್ತರರು ಕನ್ನಡಕ ಏರಿಸಿಕೊಂಡು ಒಂದು ಎಲೆಯನ್ನು ಚಿತ್ರದ ಬಾಜು ಹಿಡಿದರು. ಎಲೆಯ ಬೆರಳು ಎಣಿಸಿದರು, ಅಂಚಿನ ಗರಗಸ ನೋಡಿದರು. ಕೆಂಪು ಕಾಟೊಂದು ಬಿಟ್ಟರೆ ಬೇರೆ ವ್ಯತ್ಯಾಸ ಕಾಣಲಿಲ್ಲ. ಅಲ್ಲೇ ಕುರ್ಚಿಯ ಮೇಲೆ ಕುಳಿತರು. ಹನಮವ್ವ ಎಲೆಯನ್ನೆಲ್ಲ ಒಲೆಗೆ ಹಾಕಲು ಹೋದಾಗ, “ಹೊಗಿ, ಹೊಗಿ, ಓಣಿಗೆಲ್ಲ ವಾಸನಿ ಹೋಗತೈತಿ,” ಎಂದು ಎದ್ದು ಓಡಿದರು. ಕೊನೆಗೆ ಅವು ಹಿತ್ತಲ ಗೊಬ್ಬರದ ತಿಪ್ಪೆಯಲ್ಲಿ ಸಮಾಧಿಯಾದವು.

ಮರುದಿನ ಬೆಳಿಗ್ಗೆ ಮಾಸ್ತರರು ಗಿಡಗಳನ್ನು ಕಿತ್ತೊಗೆಯಲು ಹೊಲಕ್ಕೆ ನಡೆದರು. ಮೊದಲನೆಯ ಗಿಡದ ಬುಡಕ್ಕೆ ಕೈ ಹಾಕಿದಾಗ ನೆನಪಾದದ್ದು ಶೈಲಶ್ರೀಯ ಮೊಬೈಲು. ಮಣ್ಣು ಕೈಯಲ್ಲೇ ಅವಳ ಮನೆಗೆ ಹೋದರು.

“ಆ ಪುಂಡಿ ಫೋಟೋ ಅಳಿಸಾಕ ಬರತೈತೇನವಾ?”

“ಅದು ಹೋಗಿಬಿಟ್ಟೈತ್ರಿ ಸರ. ಒಮ್ಮೆ ಹೋದ ಮ್ಯಾಲ ನನ್ನ ಕೈಯಾಗ ಇಲ್ರಿ. ಯಾಕ್ರಿ ಸರ, ಫೋಟೋದಾಗ ಕಣ್ಣ ಮುಚ್ಚೀರಿ ಅಂತೇನ್ರಿ? ಇಲ್ರಿ, ಭಾಳ ಚೊಲೊ ಬಂದೈತ್ರಿ ನಿಮ್ಮ ನಗಿ.”

ಕೋಟೆಯ ಬಾಗಿಲು ಹಾಕಿದ ಸದ್ದು ಮಾಸ್ತರರ ಕಿವಿಗೆ ಕೇಳಿಸಿತು. ಗಿಡ ಇದ್ದರೆ ಅಪರಾಧ. ಕಿತ್ತರೆ, ಫೋಟೋದಲ್ಲಿ ಇದ್ದದ್ದು ಹೊಲದಲ್ಲಿ ಇಲ್ಲವಾಗಿ, ಬೆಳೆದು ಮಾರಿಕೊಂಡ ಎಂಬ ಇನ್ನೂ ದೊಡ್ಡ ಅಪರಾಧ. ಗೊತ್ತಿರಲಿಲ್ಲ ಎನ್ನೋಣವೆಂದರೆ ಕೆಂಪು ಶಾಯಿ. ಶತ್ರುವಿಗೆಂದು ಆರು ವರ್ಷ ಕಟ್ಟಿದ ಬಂದೀಖಾನೆಗೆ ಅವರು ಕಿಟಕಿಯನ್ನೇ ಇಟ್ಟಿರಲಿಲ್ಲ.

ಇನ್ನು ಉಳಿದ ಪ್ರಶ್ನೆ, ಬೀಜ ಎಲ್ಲಿಂದ ಬಂತು ಎಂಬುದು. ಬುಧವಾರ ಅದಕ್ಕೂ ಉತ್ತರ ಸಿಕ್ಕಿತು. ಕುರಿಗಾರ ಅಮೋಘಸಿದ್ದಪ್ಪ ಊರ ಹೊರಗಿನ ಹುಲ್ಲಿಗೆ ತನ್ನ ಇನ್ನೂರು ಕುರಿ ಹೊಡೆದುಕೊಂಡು ಬಂದಿದ್ದ. ಬೇಸಿಗೆಯಲ್ಲಿ ಬರಿದಾದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡರೆ ಹಿಕ್ಕೆ ಬಿದ್ದು ಎರೆಮಣ್ಣಿಗೆ ಗೊಬ್ಬರವಾಗುತ್ತದೆ. ಈ ವರ್ಷ ಮಾಸ್ತರರ ಹೊಲದಲ್ಲಿ ಮೂರು ದಿನ ತಂಗಿದ್ದು ಅವನದೇ ಹಿಂಡು. ಮಾಸ್ತರರು ಅವನನ್ನು ಬದುವಿಗೆ ಕರೆತಂದು ಗಿಡ ತೋರಿಸಿದರು. ಅಮೋಘಸಿದ್ದಪ್ಪ ಎಲೆ ಹೊಸಕಿ ಮೂಸಿ, ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

“ಕಲಘಟಗಿ ಕಡಿಂದ ಬರೂಮುಂದ ಯಾರೋ ಒಬ್ರು ಕಣಾ ಉಡುಗಿದ ಕಸಾ ಕುರಿಗೆ ಹಾಕಿದ್ರು ಮಾಸ್ತರ. ಅದಕ್ಕೂ ಇದ ವಾಸನಿ ಇತ್ತು. ಅಗದಿ ಖುಷಿಲೆ ತಿಂದ್ವು. ಮರುದಿನ ಒಂದ ಕುರಿನೂ ಒದರಲಿಲ್ಲ. ಮೇವು ಚೊಲೊ ಹತ್ತೇತಿ ಅಂತ ತಿಳಕೊಂಡ್ನಿ.”

“ಅಲ್ಲಿ ತಿಂದಿದ್ದು ಇಲ್ಲಿ ಬಿತ್ಯಾವ?”

“ಬಿತ್ತೂದು ಅವಕ ಗೊತ್ತಿಲ್ರಿ. ಹಾಕ್ಯಾವ. ಈಗ ಹಿಂಡು ಒಳಗ ಬಿಡ್ಲೇನ್ರಿ? ಅರ್ಧಾ ತಾಸಿನ್ಯಾಗ ಸ್ವಚ್ಛ.”

“ಹತ್ತಿನೂ ಸ್ವಚ್ಛ ಆಗತೈತಲ್ಲೋ.”

“ಆಗತೈತ್ರಿ. ಎಲಿ ನೋಡಿ ಬ್ಯಾರೆ ಮಾಡಾಕ ನನ್ನ ಕುರಿ ಏನ ನಿಮ್ಮ ಸಾಲಿ ಕಲತಾವೇನ್ರಿ?”

ಆಮೇಲೆ ಅವನೇ ದನಿ ಇಳಿಸಿ ಹೇಳಿದ: “ಮಾಸ್ತರ, ಯಾರರೆ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ್ರಿ. ನಾ ತಪ್ಪ ಮಾಡಿಲ್ಲ ಅನ್ನೂದು ಕೋರ್ಟಿಗೆ ತಿಳಿಯೂತನಕ ಈ ಇನ್ನೂರ ಕುರಿ ಯಾರ ಕಾಯಬೇಕು? ಎಂಟ ದಿನ ಒಂದ ಕಡೆ ನಿಂತ್ರ ಮೇವ ಇಲ್ದ ಸಾಯ್ತಾವ.”

ಮಾಸ್ತರರು ಮಾತು ಕೊಡದೆ ಊರ ಹಾದಿ ಹಿಡಿದರು. ಸುಳ್ಳು ಹೇಳಿದ ಹುಡುಗರನ್ನು ಮೂವತ್ತೆರಡು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಅವರು.

ಗುರುವಾರ ತಾಯಿಯ ಫೋನು ಹೋಗಿ ಶಿವಗಂಗಾ ಬಂದಳು. ಎಲ್ಲ ಕೇಳಿದಳು. ಒಂದು ಸಲ ನಗು ತಡೆಯದೆ ಒಳಗೆ ಹೋಗಿ ನೀರು ಕುಡಿದು ಬಂದಳು. ಆಮೇಲೆ ವಕೀಲೆಯಾಗಿ ಕುಳಿತಳು.

“ಗೊತ್ತಿದ್ದು ಬೆಳೆಸಿದ್ರ ಅಪರಾಧ. ಗೊತ್ತಾದ ಕೂಡ್ಲೆ ಠಾಣೆಗೆ ತಿಳಸಬೇಕು. ನಿನಗ ಗೊತ್ತಾಗಿದ್ದು ಸೋಮವಾರ. ಇವತ್ತ ಗುರುವಾರ.”

“ನಾಳಿನ ಹೋಗಿ ಹೇಳ್ತೀನಿ.”

“ಬೀಜ ಎಲ್ಲಿಂದ ಬಂತು ಅಂತ ಕೇಳ್ತಾರ. ಏನ ಹೇಳ್ತಿ?”

“ಇದ್ದದ್ದ ಹೇಳ್ತೀನಿ.”

“ಇದ್ದದ್ದ ಹೇಳಿದ್ರ ಬಹುಶಃ ನೀ ಮನಿಗೆ ಬರ್ತಿ. ಅಮೋಘಸಿದ್ದಪ್ಪನ್ನ ಕರಕೊಂಡ ಹೋಗ್ತಾರ. ಈ ಕಾಯ್ದೇದಾಗ ಜಾಮೀನು ಲಗೂನ ಸಿಗಂಗಿಲ್ಲ. ಕಟಕಟ್ಯಾಗ ನಿಂತಾವ್ರ ಕಾಲ ನೋಡು ಅಂತ ಹೇಳಿದ್ನಲ್ಲ ಅಪ್ಪಾ, ಅವರೊಳಗ ಒಬ್ಬಾಂವ ಇಂವ.”

ಮಾಸ್ತರರು ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದರು. ಮುರಿದದ್ದನ್ನು ಮತ್ತೆ ಮುರಿದರು. ರೊಟ್ಟಿ ಪುಡಿಯಾಯಿತು, ಒಂದು ಚೂರೂ ಬಾಯಿಗೆ ಹೋಗಲಿಲ್ಲ.

“ಶನಿವಾರ ಬರಬ್ಯಾಡ. ಜ್ವರ ಬಂದಾವ ಅಂತ ನಾ ಹೇಳ್ತೀನಿ,” ಎಂದಳು ಮಗಳು.

“ನನಗ ಜ್ವರ ಇಲ್ಲ.”

“ಅದಕ್ಕೂ ಸಾಕ್ಷಿ ಬೇಕೇನ ನಿನಗ?”

ಶುಕ್ರವಾರ ಮಾಸ್ತರರು ಎರಡು ಸಲ ಬಸ್‌ಸ್ಟ್ಯಾಂಡಿಗೆ ಹೋದರು, ಎರಡು ಸಲ ತಿರುಗಿ ಬಂದರು. ಬುಡನಸಾಬನ ಚಹಾದಂಗಡಿಯಲ್ಲಿ ಕುಳಿತರೆ ಅಲ್ಲೂ ಅದೇ ಮಾತು. “ಸರ, ನಾಳಿ ಮಗಳಿಗೆ ಸೋಲಬ್ಯಾಡ್ರಿ. ನಾ ಅಂಗಡಿ ಮುಚ್ಚಿ ಬರಾಂವ ಅದೀನಿ,” ಎಂದ ಬುಡನಸಾಬ. ಮಾಸ್ತರರು ಚಹಾವನ್ನು ಬಶಿಗೆ ಸುರಿದುಕೊಂಡು, ಆರಿಸಿ, ಕುಡಿಯುವುದನ್ನು ಮರೆತು ಎದ್ದು ಹೋದರು.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಬ್ಯಾನರು ವೇದಿಕೆಯ ಹಿಂದೆ ವಿಜೃಂಭಿಸುತ್ತಿತ್ತು. ಪೊಲೀಸ್ ಸಾಹೇಬರು ಹೂಮಾಲೆ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮಾಸ್ತರರ ಇಸ್ತ್ರಿ ಅಂಗಿ ಯುದ್ಧಕ್ಕೆ ಸಿದ್ಧವಾಗಿತ್ತು, ಒಳಗಿದ್ದ ಮನುಷ್ಯ ಮಾತ್ರ ಸಿದ್ಧನಿರಲಿಲ್ಲ. ಮೊದಲ ಹತ್ತು ನಿಮಿಷ ಮಾತು ತಾನಾಗಿಯೇ ಓಡಿತು. ಹದಿಹರೆಯದ ಮಿದುಳು, ರಸ್ತೆಯ ಅಪಘಾತ, ಓದು ಬಿಟ್ಟ ಹುಡುಗರು, ಕಣ್ಣೀರಿಡುವ ತಾಯಂದಿರು, ಇವೆಲ್ಲ ನಿಜವಾದ ಮಾತುಗಳೇ. ಆ ಬಳಿಕ ಅವರ ಹೆಸರಾಂತ ವಾಕ್ಯ ಬರಬೇಕಿತ್ತು: ‘ಗೊತ್ತಿರಲಿಲ್ಲ ಎಂಬುದೇ ಅಪರಾಧಿಯ ಮೊದಲ ಸುಳ್ಳು.’ ಮಾಸ್ತರರು ಬಾಯಿ ತೆರೆದರು.

“ನನ್ನ ಹೊಲದಾಗ ಏಳು ಗಾಂಜಾ ಗಿಡ ಅದಾವ,” ಎಂದರು. “ಅವು ಗಾಂಜಾ ಅಂತ ನನಗ ಗೊತ್ತಿರಲಿಲ್ಲ.”

ಸಭೆ ಸಿಡಿದಂತೆ ಚಪ್ಪಾಳೆ ಹೊಡೆಯಿತು. ಅಪರಾಧಿಯ ವೇಷ ಹಾಕಿ ವಾದ ಮಾಡುವ ಇಂಥ ಚಮತ್ಕಾರವನ್ನು ಆ ಕಾಲೇಜು ಕಂಡಿರಲಿಲ್ಲ. ಪೊಲೀಸ್ ಸಾಹೇಬರು ಬಾಜಿನವರ ತೊಡೆ ತಟ್ಟಿ ನಕ್ಕರು.

“ನಾಟಕ ಅಲ್ರಿ. ಖರೇನ ಅದಾವ. ಬಂದು ನೋಡ್ರಿ,” ಎಂದು ಮಾಸ್ತರರು ಬೇಡಿಕೊಂಡರು. ಚಪ್ಪಾಳೆ ಇನ್ನೂ ಜೋರಾಯಿತು. ಹಿಂದಿನ ಸಾಲಿನಿಂದ ಬುಡನಸಾಬ ಸೀಟಿ ಹೊಡೆದ.

ಈಗ ಶಿವಗಂಗಾಳ ಸರದಿ. ಬರೆದು ತಂದ ಹಾಳೆಗಳನ್ನು ಅವಳು ಮಡಚಿದಳು. “ನಮ್ಮ ಅಪ್ಪ ಹೇಳಿದ್ದು ನಿಜ,” ಎಂದಳು. “ಗೊತ್ತಿಲ್ಲದ ಸಿಕ್ಕ ಇಂಥವರನ್ನ ಹತ್ತ ವರ್ಷ ಒಳಗ ಹಾಕೂ ಕಾನೂನ ಬೇಕೋ ಬ್ಯಾಡೋ ನೀವು ವಿಚಾರ ಮಾಡ್ರಿ.” ಎದುರಾಳಿ ಸೋಲೊಪ್ಪಿಕೊಂಡಳೆಂದು ಸಭೆ ಮತ್ತೊಮ್ಮೆ ಕುಣಿದಾಡಿತು. ಮೊದಲ ಬಹುಮಾನದ ಫಲಕವನ್ನು ಪೊಲೀಸ್ ಸಾಹೇಬರ ಕೈಯಿಂದಲೇ ಮಾಸ್ತರರಿಗೆ ಕೊಡಿಸಲಾಯಿತು. ಆರು ವರ್ಷದ ಕೀರ್ತಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಗೋಡೆಯಾಚೆ ಅವರು ಎಷ್ಟು ಕೂಗಿದರೂ ದನಿ ಕೇಳಿಸುತ್ತಿರಲಿಲ್ಲ.

ಫಲಕ ತೆಗೆದುಕೊಳ್ಳುವಾಗ ಮಾಸ್ತರರು ಸಾಹೇಬರ ಅಂಗೈಗೆ ಒಂದು ಮಡಚಿದ ಕಾಗದ ತುರುಕಿದರು. ಹಿಂದಿನ ರಾತ್ರಿಯೇ ಬರೆದಿಟ್ಟದ್ದು, ದುಂಡನೆಯ ಅಕ್ಷರ, ಸರ್ವೆ ನಂಬರು, ಗಿಡದ ಸಂಖ್ಯೆ, ಕೆಳಗೆ ಸಹಿ. ಸಾಹೇಬರು ಜೀಪಿನಲ್ಲಿ ಕುಳಿತು ನಗುತ್ತಲೇ ಬಿಚ್ಚಿದರು. ಎರಡನೆಯ ಸಾಲಿಗೆ ನಗು ನಿಂತಿತು.

ರವಿವಾರ ಬೆಳಿಗ್ಗೆ ಬದುವಿನ ಮೇಲೆ ಸಾಹೇಬರು, ಇಬ್ಬರು ಪೊಲೀಸರು, ಕರೆಸಿಕೊಂಡಿದ್ದ ಶೈಲಶ್ರೀ, ಕರೆಯದೆ ಬಂದ ಅರ್ಧ ಊರು. ಶಿವಗಂಗಾ ತಂದೆಯ ಬಾಜು ನಿಂತಿದ್ದಳು. ಸಾಹೇಬರು ಶೈಲಶ್ರೀಯ ಮೊಬೈಲು ಇಸಿದುಕೊಂಡು ನೋಡಿದರು.

“ಇದರಾಗ ಭಾಳ ಖುಷಿಲೆ ನಗಾಕತ್ತೀರಲ್ರಿ ಸರ.”

“ಪುಂಡಿ ಅಂತ ನಗಾಕತ್ತಿದ್ದೆ.”

“ನಿಮ್ಮ ಮನವಿ ನಕಲು ನನ್ನ ಟೇಬಲ್ ಮ್ಯಾಲ ಐತಿ. ಮೂರನೇದು ಏನ ಬರದೀರಿ ನೆನಪೈತೇನ್ರಿ?”

“ಐತ್ರಿ. ಅದನ್ನ ವಾಪಸ್ ತಗೋಬೇಕಂದ್ರ ಯಾವ ಅರ್ಜಿ ಕೊಡಬೇಕ್ರಿ?”

“ಅದನ್ನ ಮ್ಯಾಲ ಕಳಿಸಿ ಆರ ತಿಂಗಳಾತ್ರಿ. ನಿಮ್ಮ ಅಕ್ಷರ ಚೊಲೊ ಅಂತ ಅಲ್ಲಿಂದ ಮೆಚ್ಚಿಗಿನೂ ಬಂದೈತಿ.”

ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಪಂಚರು ಬೇಕಿತ್ತು. ಒಬ್ಬ ಸಿಕ್ಕಿದ್ದ. ಇನ್ನೊಬ್ಬನಿಗಾಗಿ ಸಾಹೇಬರ ಕಣ್ಣು ಸುತ್ತಲೂ ಹರಿದು ದಾರಿಯಲ್ಲಿ ಹಿಂಡಿನೊಂದಿಗೆ ನಿಂತಿದ್ದವನ ಮೇಲೆ ಬಿತ್ತು. “ಏ ಯಜಮಾನ, ಬಾ ಇಲ್ಲಿ. ಒಂದ ಹೆಬ್ಬೆಟ್ಟ ಒತ್ತು,” ಎಂದರು. ಅಮೋಘಸಿದ್ದಪ್ಪನ ಕಾಲು ಎರೆಮಣ್ಣಿನಲ್ಲಿ ಹೂತಂತೆ ನಿಂತಿತು. ತನ್ನ ಕುರಿಗಳ ಬಿತ್ತನೆಗೆ ತಾನೇ ಸಾಕ್ಷಿಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ.

“ಅವನ ಬ್ಯಾಡ್ರಿ,” ಎಂದರು ಮಾಸ್ತರರು, ಬೇಕಾದ್ದಕ್ಕಿಂತ ಜೋರಾಗಿ. “ಅಂವ ತಿರುಗಾಡಾಂವ. ತಾರೀಖಿಗೆ ಕರದ್ರ ಎಲ್ಲಿ ಹುಡಕತೀರಿ? ಬುಡನಸಾಬ ಅದಾನ್ರಿ, ಕಾಯಂ ಅಂಗಡ್ಯಾಗ ಇರತಾನ.”

“ನಾ ಚಪ್ಪಾಳಿ ಹೊಡಿಯಾಕ ಬಂದಾಂವ್ರಿ ಸರ,” ಎಂದು ಬುಡನಸಾಬ ಗೊಣಗಿದ. ಆದರೂ ಮುಂದೆ ಬಂದ.

ಸಾಹೇಬರು ಪೆನ್ನು ತೆಗೆದರು. “ಹೇಳ್ರಿ ಸರ. ಬೀಜ ಎಲ್ಲಿಂದ ಬಂತು?”

ಊರಿಗೆ ಊರೇ ಮಾಸ್ತರರ ಬಾಯಿ ನೋಡಿತು. ಅವರು ಸುಳ್ಳು ಹೇಳುವವರಲ್ಲ ಎಂಬುದನ್ನು ಆ ಗುಂಪಿನಲ್ಲಿ ಅರ್ಧದಷ್ಟು ಜನ ಬೆಂಚಿನ ಮೇಲೆ ನಿಂತು ಕಲಿತಿದ್ದರು. ಮಾಸ್ತರರು ದಾರಿಯ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಇಸ್ತ್ರಿ ಕೆಟ್ಟಿತು.

“ಗೊತ್ತಿಲ್ರಿ,” ಎಂದರು.

ಸಾಹೇಬರು ಅವರ ಮುಖ ನೋಡಿದರು. ಶಿವಗಂಗಾ ನೆಲ ನೋಡಿದಳು. ಹಿಂದಿನಿಂದ ಹನಮವ್ವ, “ಬರಕೊಳ್ರಿ ಸಾಹೇಬರ. ಅವರಿಗೆ ಪುಂಡಿನೂ ಗೊತ್ತಿಲ್ಲ, ಬೀಜಾ ಎಲ್ಲಿಂದ ಗೊತ್ತಿರಬೇಕು,” ಎಂದರು. ಗುಂಪು ನಕ್ಕಿತು. ಸಾಹೇಬರು ಬರೆದುಕೊಂಡರು.

“ಸದ್ಯಕ್ಕ ಹಿಡಿಯಂಗಿಲ್ರಿ. ತನಿಖಿ ಐತಿ, ಕರದಾಗ ಬರಬೇಕು. ಅಲ್ಲೀತನಕ ಹೇಳದ ತಾಲೂಕ ಬಿಟ್ಟ ಹೋಗಬ್ಯಾಡ್ರಿ.”

“ಮುಂದಿನ ವಾರ ಕಲಘಟಗ್ಯಾಗ ಭಾಷಣ ಐತ್ರಿ.”

“ಏನಂತ ಮಾಡ್ತೀರಿ?”

ಮಾಸ್ತರರು ಕನ್ನಡಕ ಮತ್ತೆ ಏರಿಸಿಕೊಂಡರು.

ಪೊಲೀಸರು ಗಿಡಗಳನ್ನು ಬೇರುಸಮೇತ ಕಿತ್ತು, ಒಂದೊಂದನ್ನೂ ತೂಗಿ, ಒಂದೊಂದಕ್ಕೂ ಒಂದು ಹಾಳೆ ಬರೆದರು. ಪ್ರತಿ ಹಾಳೆಗೂ ಹೊಲದ ಮಾಲೀಕರ ಸಹಿ ಬೇಕಿತ್ತು. ಮಾಸ್ತರರು ಜೀಪಿನ ಬಾನೆಟ್ಟಿನ ಮೇಲೆ ಬಾಗಿ ಮೂರನೆಯ ಹಾಳೆಗೆ ಸಹಿ ಹಾಕುವಾಗ ಅಮೋಘಸಿದ್ದಪ್ಪನ ಕುರಿಗಳು ಅಣ್ಣಿಗೇರಿಯ ದಾರಿ ಹಿಡಿದಾಗಿತ್ತು. ಇನ್ನೂ ನಾಲ್ಕು ಹಾಳೆ ಬಾಕಿ ಇದ್ದವು.